ಅತ್ತೆಯ ಕೋಣೆಯ ಥರ್ಮೋಸ್ಟಾಟ್

ಸಾಂತ್-ಎಲೊದಿ ಊರಿನಲ್ಲಿ, ಸರೋವರದ ಬಡಗಣ ದಂಡೆಯ ಉದ್ದಕ್ಕೂ, ರೊಜೇರ್ ಲಾವರ್ತು ಹತ್ತದ ವಿದ್ಯುತ್ ಕಂಬವಿರಲಿಲ್ಲ. ಬಿರುಗಾಳಿಗೆ ತಂತಿ ಹರಿದರೆ, ಮಂಜುಗಡ್ಡೆಯ ಭಾರಕ್ಕೆ ಕಂಬ ವಾಲಿದರೆ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ ಲೈನ್‌ಮನ್ ಅವನು. ಹಬ್ಬದ ದಿನ ಊರಿಗೆ ಬೆಳಕು ಬಂದಾಗ ಜನ ಅವನ ಹೆಸರು ಹೇಳಿಕೊಂಡು ಒಂದು ಲೋಟ ಕುಡಿಯುತ್ತಿದ್ದರು. ಅಂಥವನು ಐವತ್ತು ದಾಟುವ ಮೊದಲೇ ಕಂಬದ ಕೆಲಸ ಬಿಟ್ಟು ಕಂಪನಿಯ ಉಗ್ರಾಣದಲ್ಲಿ ಹಗ್ಗ, ಬೋಲ್ಟು, ಹೆಲ್ಮೆಟ್ಟು ಎಣಿಸಿಕೊಡುತ್ತ ಕೂತ. ಯಾಕೆಂದು ಕೇಳಿದವರಿಗೆಲ್ಲ ‘ಮಂಡಿ ಸವೆದಿದೆ’ ಎನ್ನುತ್ತಿದ್ದ. ಮಂಡಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಸವೆದದ್ದು ಬೇರೆ. ಒಂದು ಚಳಿಗಾಲ ಬಿದ್ದಲ್ಲೇ ಮಂಜುಗಡ್ಡೆಯಾಗುವ ಮಳೆ ಸುರಿದು ಇಡೀ ಸೀಮೆ ಕತ್ತಲಾಗಿದ್ದಾಗ, ಹಳ್ಳಿ ಹಾದಿಯೊಂದರಲ್ಲಿ ರೊಜೇರ್ ಮತ್ತು ಅವನ ಜೊತೆಗಾರ ಕಮೀಲ್ ಹರಿದ ತಂತಿ ಜೋಡಿಸಲು ಹೋಗಿದ್ದರು. ಲೈನು ಸತ್ತಿತ್ತು. ಸತ್ತಿದೆಯೆಂದು ಇಬ್ಬರೂ ನೋಡಿದ್ದರು. ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ತಂತಿ ಬಿಗಿಯಲು ಕಮೀಲ್ ಮೇಲೆ ಹತ್ತಿದ್ದ, ರೊಜೇರ್ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ದೂರದ ಹೊಲಗಳಾಚೆ ಎಲ್ಲೋ ಪಟಪಟ ಎಂದು ಜನರೇಟರ್ ಶುರುವಾದ ಸದ್ದು ಬಂತು. ಹಾಲು ಕರೆಯುವ ಯಂತ್ರಕ್ಕೆಂದು ಯಾರೋ ರೈತ ಅದನ್ನು ಮನೆಯ ವೈರಿಗೇ ಸಿಕ್ಕಿಸಿದ್ದ. ಆ ಕರೆಂಟು ಹಿಂದುಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಹತ್ತಾರು ಪಟ್ಟಾಗಿ, ಸತ್ತ ಲೈನಿಗೆ ಜೀವ ತಂದಿತು. ರೊಜೇರನ ಕಿವಿಗೆ ಸದ್ದು ಕೇಳಿತ್ತು. ಅದರ ಅರ್ಥ ತಲೆಗೆ ಹತ್ತಿ, ಬಾಯಿಗೆ ಇಳಿಯುವಷ್ಟರಲ್ಲಿ ಕಮೀಲ್‌ನ ಕೈ ತಂತಿಗೆ ತಾಗಿಬಿಟ್ಟಿತ್ತು.

ಅಂದಿನಿಂದ ಅವನ ಪಾಲಿಗೆ ‘ಆಫ್’ ಎನ್ನುವ ಮಾತಿಗೆ ಅರ್ಥ ಹೋಯಿತು. ಬಲ್ಬು ಬದಲಿಸಬೇಕಾದರೂ ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಮೇನ್ ಸ್ವಿಚ್ ಇಳಿಸುತ್ತಿದ್ದ. ಆಗಲೂ ಹೋಲ್ಡರಿನ ಹತ್ತಿರ ಬೆರಳು ಹೋದೊಡನೆ ಕಂಕುಳು ಬೆವರುತ್ತಿತ್ತು. ಹೆಂಡತಿ ನೊಯೆಲ್ಲಾಳಿಗೂ ಅವನು ಹೇಳಲಿಲ್ಲ. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಮಾತಿನವಳು, ಗಂಡ ಕರೆಂಟಿನವನೆಂದು ನಾಲ್ಕು ಜನರೆದುರು ಹೇಳಿಕೊಂಡು ಬಂದವಳು. ಹೇಗೆ ಹೇಳುವುದು?

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕಾಲಕ್ಕೆ ನೊಯೆಲ್ಲಾಳ ತಾಯಿ ಇಮೆಲ್ಡಾ ಬಿದ್ದು ಸೊಂಟ ಮುರಿದುಕೊಂಡು, ಆಸ್ಪತ್ರೆಯಿಂದ ನೇರ ಮಗಳ ಮನೆಗೆ ಬಂದಳು. ಎಂಬತ್ತಾರರ ಮುದುಕಿ. ಕಾಲು ಸೋತಿತ್ತು, ನಾಲಿಗೆ ಸೋತಿರಲಿಲ್ಲ. ಅವಳಿಗೆ ಉತ್ತರದ ಕೋಣೆ ಕೊಟ್ಟರು. ಜನವರಿಯಲ್ಲಿ ಸರೋವರದ ಕಡೆಯಿಂದ ಗಾಳಿ ಬೀಸತೊಡಗಿದಾಗ ಆ ಕೋಣೆಯ ಥರ್ಮೋಸ್ಟಾಟ್ ಕೆಟ್ಟಿತು.

ಅದು ಗೋಡೆಯ ಮೇಲಿನ ಅಂಗೈಯಗಲದ ಹಳೆಯ ಡಬ್ಬಿ. ಕೋಣೆ ಸಾಕಷ್ಟು ಬೆಚ್ಚಗಾದಾಗ ಹೀಟರನ್ನು ನಿಲ್ಲಿಸುವುದು, ತಣ್ಣಗಾದಾಗ ಹಚ್ಚುವುದು ಅದರ ಕೆಲಸ. ಒಳಗಿನ ಲೋಹದ ತುಟಿಗಳು ಕಾದು ಒಂದಕ್ಕೊಂದು ಅಂಟಿಕೊಂಡು, ನಿಲ್ಲಿಸುವುದನ್ನೇ ಮರೆತಿತ್ತು. ಗುಂಡಿ ಎತ್ತ ತಿರುಗಿಸಿದರೂ ಗೋಡೆಯ ಬುಡದ ಹೀಟರ್ ಉರಿಯುತ್ತಲೇ ಇತ್ತು. ಸುಟ್ಟ ಧೂಳಿನ ವಾಸನೆ ಹಜಾರದವರೆಗೂ ಬಂತು.

“ಅಳಿಯಾ, ನನ್ನನ್ನೇನು ಬ್ರೆಡ್ ಅಂದ್ಕೊಂಡಿದೀಯ? ಇನ್ನೊಂದ್ ಗಂಟೆ ಇಟ್ರೆ ಮೇಲೆಲ್ಲ ಕೆಂಪಗಾಗ್ತೀನಿ” ಎಂದಳು ಇಮೆಲ್ಡಾ.

ನೊಯೆಲ್ಲಾ ಅಂದೇ ಅಂಗಡಿಗೆ ಹೋಗಿ ಹೊಸದೊಂದು ತಂದಳು. ಪರದೆಯ ಮೇಲೆ ಅಂಕಿ ಕಾಣುವಂಥದ್ದು. ಯಾವ ಹೊತ್ತಿಗೆ ಎಷ್ಟು ಕಾವು ಎಂದು ಒಮ್ಮೆ ಹೇಳಿಟ್ಟರೆ ತಾನೇ ನೋಡಿಕೊಳ್ಳುತ್ತದಂತೆ. ಡಬ್ಬಿಯನ್ನು ಊಟದ ಮೇಜಿನ ಮೇಲೆ, ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

“ಅಂಗಡಿಯವನು ಕೇಳ್ದ, ಹಾಕೋಕೆ ಯಾರನ್ನಾದ್ರೂ ಕಳಿಸ್ಲಾ ಅಂತ. ನನ್ನ ಗಂಡ ಯಾರು ಅಂತ ಗೊತ್ತೇನಪ್ಪ ಅಂದೆ. ಹತ್ತು ನಿಮಿಷದ ಕೆಲಸ ಅಲ್ವಾ ನಿಂಗೆ?”

“ಹೂಂ” ಎಂದ ರೊಜೇರ್. ಡಬ್ಬಿಯನ್ನು ತಟ್ಟೆಯಿಂದ ಆಚೆಗೆ ಸರಿಸಿದ.

ಈ ಸೀಮೆಯ ಮನೆಗಳಲ್ಲಿ ಹೀಟರಿನ ವೈರಿಗೆ ಪ್ಲಗ್ಗಿನ ಎರಡರಷ್ಟು ವೋಲ್ಟೇಜು. ಅಷ್ಟೂ ನೇರವಾಗಿ ಥರ್ಮೋಸ್ಟಾಟಿನ ಹೊಟ್ಟೆಯೊಳಗಿಂದಲೇ ಹಾದು ಹೋಗುತ್ತದೆ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ನೆಲಮಾಳಿಗೆಯ ಬೋರ್ಡಿನಲ್ಲಿ ಆ ವೈರಿನ ಸ್ವಿಚ್ಚನ್ನು, ಅಂದರೆ ಬ್ರೇಕರನ್ನು, ಇಳಿಸಿದರೆ ಏನೂ ಆಗದೆಂಬುದೂ ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ತಲುಪುತ್ತಿರಲಿಲ್ಲ, ಅಷ್ಟೇ.

ಮೊದಲ ದಿನ, ಸರಿಯಾದ ಸ್ಕ್ರೂ ಡ್ರೈವರ್ ಕೆಲಸದಲ್ಲೇ ಉಳಿಯಿತು ಎಂದ. ಮರುದಿನ ತಲೆನೋವು. ಅದರ ಮರುದಿನ ಗೋಡೆಯೊಳಗಿನ ಪೆಟ್ಟಿಗೆ ಚಿಕ್ಕದು, ದೊಡ್ಡದು ಬೇಕು ಎಂದ. ಈ ನಡುವೆ ಅತ್ತೆ ಬೇಯಬಾರದು, ಹೆಪ್ಪುಗಟ್ಟಲೂಬಾರದು. ಅದಕ್ಕೆ ತಾನೇ ಥರ್ಮೋಸ್ಟಾಟ್ ಆದ. ಬೆಳಗ್ಗೆ ಎದ್ದವನೇ ನೆಲಮಾಳಿಗೆಗೆ ಇಳಿದು ಆ ಹೀಟರಿನ ಬ್ರೇಕರ್ ಏರಿಸುವುದು, ಕೋಣೆ ಕಾದೊಡನೆ ಇಳಿಸುವುದು. ಮಧ್ಯಾಹ್ನ ಉಗ್ರಾಣದಿಂದ ಊಟದ ನೆಪದಲ್ಲಿ ಬಂದು ಮತ್ತೆ ಅದೇ. ಏರಿಸುವಾಗ ಬೋರ್ಡಿನ ಎದುರಿಗೆ ನಿಲ್ಲುತ್ತಿರಲಿಲ್ಲ. ಪಕ್ಕಕ್ಕೆ ಸರಿದು, ಮುಖ ತಿರುಗಿಸಿ, ಎಡಗೈ ಬೆನ್ನ ಹಿಂದೆ ಕಟ್ಟಿ, ಉಸಿರು ಹಿಡಿದು ಒತ್ತುತ್ತಿದ್ದ. ಅದು ಕಟಕ್ ಎಂದಾಗ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು.

“ಮಂಡಿ ಸವೆದೋನು ದಿನಕ್ಕೆ ಎಷ್ಟು ಸಲ ಮೆಟ್ಲು ಹತ್ತಿ ಇಳೀತಾನೆ ನೋಡು” ಎಂದು ಇಮೆಲ್ಡಾ ಮಗಳಿಗೆ ಕೇಳುವಂತೆಯೇ ಹೇಳುತ್ತಿದ್ದಳು.

ಕೊನೆಗೆ ಉಗ್ರಾಣದ ಬಾಗಿಲು ಹಾಕಿಕೊಂಡು, ಪಕ್ಕದ ಊರಿನ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದ. ಹೆಸರು ಹೇಳಲು ನಾಚಿಕೆಯಾಗಿ ಹೆಂಡತಿಯ ತವರಿನ ಹೆಸರು ಹೇಳಿದ. “ಈ ಚಳಿಲಿ ಎಲ್ಲರ ಮನೆ ಹೀಟರೂ ಕೈ ಕೊಟ್ಟಿದೆ. ಬರೋ ವಾರಕ್ಕೆ ಮುಂಚೆ ಆಗಲ್ಲ ಯಜಮಾನ್ರೆ” ಎಂದ ಅವನು. ಬರುವ ವಾರವೇ ಸರಿ ಎಂದುಕೊಂಡ ರೊಜೇರ್.

ಆ ಗುರುವಾರ ಚಳಿ ಎಷ್ಟಿತ್ತೆಂದರೆ ಶಾಲೆಯ ಬಸ್ಸುಗಳು ಸ್ಟಾರ್ಟ್ ಆಗಲಿಲ್ಲ. ಶಾಲೆಗೆ ರಜೆ ಕೊಟ್ಟರು. ನೊಯೆಲ್ಲಾ ಮನೆಗೆ ಮರಳಿದಳು. ಬೆಳಗ್ಗೆ ರೊಜೇರ್ ಬ್ರೇಕರ್ ಏರಿಸಿ ಹಾಗೇ ಹೋಗಿದ್ದ, ಆ ಚಳಿಯಲ್ಲಿ ಇಳಿಸಲು ಮನಸ್ಸು ಬಂದಿರಲಿಲ್ಲ. ಉತ್ತರದ ಕೋಣೆ ಕುಲುಮೆಯಾಗಿತ್ತು. ಮುದುಕಿ ಮೈಮೇಲಿನ ಶಾಲು, ಸ್ವೆಟರು ಎಲ್ಲ ತೆಗೆದೆಸೆದು, ಕೆಂಪು ಮುಖ ಮಾಡಿಕೊಂಡು, ಕಿಟಕಿ ತೆಗೆಯಲಾಗದೆ ಬೈಯುತ್ತ ಕೂತಿದ್ದಳು. ತಾಯಿಯನ್ನು ಅಡುಗೆಮನೆಗೆ ನಡೆಸಿಕೊಂಡು ಬಂದ ನೊಯೆಲ್ಲಾ ಮೇಜಿನ ಮೇಲಿದ್ದ ಹೊಸ ಡಬ್ಬಿ ನೋಡಿದಳು. ಅದರೊಳಗಿನ ಕಾಗದದಲ್ಲಿ ಚಿತ್ರಗಳಿದ್ದವು. ಹತ್ತು ನಿಮಿಷದ ಕೆಲಸ, ಅದಕ್ಕೆ ಗಂಡಸೇ ಯಾಕೆ ಬೇಕು ಎನ್ನಿಸಿತು.

ರೊಜೇರ್ ಮಧ್ಯಾಹ್ನ ಬಂದು, ಬೂಟಿನ ಹಿಮ ಕೊಡವಿ, ಹೊರಕೋಟು ತೆಗೆಯುತ್ತಿದ್ದಾಗ ಬಟಾಣಿ ಸಾರಿನ ವಾಸನೆ ಬಂತು. ಇಮೆಲ್ಡಾ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣೆಯಲ್ಲಿ ಏನೋ ಹೆಣೆಯುತ್ತಿದ್ದಳು.

“ನೊಯೆಲ್ಲಾ ಬಂದಿದಾಳಾ ಅತ್ತೆ?”

“ಬಂದಿದಾಳೆ. ನಿನ್ನ ಕೆಲಸ ಮಾಡ್ತಿದಾಳೆ. ನಿನ್ನ ಪಾಲಿನ ಸಾರೂ ಅವಳಿಗೇ ಕೊಡೋದು ಅಂತ ಇದೀನಿ.”

ಅವನು ಹಜಾರ ದಾಟಿ ಬಾಗಿಲಲ್ಲಿ ನಿಂತ. ಕೋಣೆಯ ದೀಪ ಆರಿತ್ತು. ಕಿಟಕಿಯ ಬೆಳಕಿನಲ್ಲಿ ನೊಯೆಲ್ಲಾ ಸ್ಟೂಲಿನ ಮೇಲೆ ನಿಂತಿದ್ದಳು. ಹಳೆಯ ಥರ್ಮೋಸ್ಟಾಟಿನ ಮುಚ್ಚಳ ಮಂಚದ ಮೇಲಿತ್ತು. ಸ್ಕ್ರೂ ಬಿಚ್ಚಿ ಅದನ್ನು ಗೋಡೆಯಿಂದ ಹೊರಗೆಳೆದಿದ್ದಳು, ವೈರುಗಳಿಂದ ಜೋತಾಡುತ್ತಿತ್ತು. ಸ್ಕ್ರೂ ಡ್ರೈವರ್ ಹಲ್ಲಲ್ಲಿ ಕಚ್ಚಿಕೊಂಡು, ವೈರಿನ ತುದಿಗಳನ್ನು ಬಿಗಿಹಿಡಿದಿದ್ದ ಪ್ಲಾಸ್ಟಿಕ್ ಟೊಪ್ಪಿಯೊಂದನ್ನು ತಿರುಗಿಸಿ ತೆಗೆಯುತ್ತಿದ್ದಳು. ಅದರ ಕೆಳಗಿಂದ ಬೆತ್ತಲೆ ತಾಮ್ರ ಇಣುಕುತ್ತಿತ್ತು.

ಟಿಣ್, ಟಿಣ್ ಎಂದಿತು ಗೋಡೆಯ ಬುಡದ ಹೀಟರ್.

ಕಾಯುತ್ತಿರುವ ತಗಡಿನ ಸದ್ದು ಅದು. ಆರುತ್ತಿರುವುದರ ಸದ್ದು ಬೇರೆ ಇರುತ್ತದೆ, ಬಿಟ್ಟು ಬಿಟ್ಟು ಬರುತ್ತದೆ. ಅವಳು ಕೋಣೆಯ ದೀಪದ ಬ್ರೇಕರ್ ಇಳಿಸಿದ್ದಾಳೆ, ದೀಪ ಆರಿದ್ದನ್ನು ನೋಡಿ ಕೋಣೆಯೇ ಸತ್ತಿತೆಂದು ನಂಬಿದ್ದಾಳೆ. ಹೀಟರಿನದು ಬೇರೆ ಬ್ರೇಕರ್. ಅದು ಅವನು ಬೆಳಗ್ಗೆ ಏರಿಸಿ ಹೋದಂತೆಯೇ ಇದೆ. ಇದೆಲ್ಲ ರೊಜೇರನಿಗೆ ಒಟ್ಟಿಗೇ ತಿಳಿಯಿತು. ಹೊಲದಾಚೆಯ ಪಟಪಟ ಸದ್ದು ಕಿವಿ ತುಂಬಿತು. ಕೂಗಿದರೆ ಅವಳು ಬೆಚ್ಚುತ್ತಾಳೆ. ಬೆಚ್ಚಿದರೆ ಬೆರಳು ತಾಮ್ರಕ್ಕೆ ತಾಗುತ್ತದೆ. ಕೂಗದಿದ್ದರೂ ತಾಗುತ್ತದೆ.

“ನೊಯೆಲ್ಲಾ.” ದನಿ ಎಲ್ಲಿಂದ ಬಂತೋ, ಮಗುವನ್ನು ಎಬ್ಬಿಸುವಾಗಿನಷ್ಟು ಮೆತ್ತಗಿತ್ತು. “ಕೈ ಎದೆಗೆ ತಗೊ. ಎರಡೂ.”

ಅವನ ದನಿಯಲ್ಲಿ ಏನಿತ್ತೋ, ಎರಡೂ ಕೈ ಎದೆಗವುಚಿಕೊಂಡಳು. ಸ್ಕ್ರೂ ಡ್ರೈವರ್ ಬಾಯಿಂದ ಬಿದ್ದು ನೆಲದ ಮೇಲೆ ಉರುಳಿತು.

“ಈಗ ಇಳಿ. ಗೋಡೆ ಹಿಡ್ಕೋಬೇಡ. ಹಾಗೇ ಹಿಂದಕ್ಕೆ ಬಾ.”

ಅವಳ ಕಾಲು ನೆಲಕ್ಕೆ ತಾಗಿದ್ದೇ ತಡ ಅವನು ಓಡಿದ. ನೆಲಮಾಳಿಗೆಯ ಮೆಟ್ಟಿಲನ್ನು ಹೇಗೆ ಇಳಿದನೋ ತಿಳಿಯದು. ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಎಳೆದ. ಫ್ರಿಜ್ಜಿನ ಗುಂಯ್ ನಿಂತಿತು, ಅಡುಗೆಮನೆಯ ರೇಡಿಯೋ ನಿಂತಿತು, ಮನೆಗೆ ಮನೆಯೇ ಮೌನವಾಯಿತು. ಅವನು ಕೊನೆಯ ಮೆಟ್ಟಿಲ ಮೇಲೆ ಕುಸಿದು, ಪಕ್ಕದಲ್ಲಿದ್ದ ಬಟ್ಟೆ ಒಗೆಯುವ ಬಕೆಟ್ಟಿಗೆ ವಾಂತಿ ಮಾಡಿಕೊಂಡ.

ನೊಯೆಲ್ಲಾ ಟಾರ್ಚು ಹಿಡಿದು ಇಳಿದು ಬಂದಳು. ಅವಳ ಮುಖವೂ ಬಿಳಿಚಿತ್ತು.

“ನಾನು ಆಫ್ ಮಾಡಿದ್ದೆ ಕಣೋ. ದೀಪ ಆರಿದ್ದನ್ನ ನಾನೇ ನೋಡ್ದೆ.”

“ಅದು ದೀಪದ್ದು. ಹೀಟರಿಂದು ಇದು, ಈ ಜೋಡಿ ಇದೆಯಲ್ಲ.”

ಅವಳು ಟಾರ್ಚಿನ ಬೆಳಕಲ್ಲಿ ಆ ಜೋಡಿ ಬ್ರೇಕರನ್ನು ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕೂತಳು.

“ನನ್ನ ಮಂಡಿ ಚೆನ್ನಾಗಿದೆ, ನೊಯೆಲ್ಲಾ” ಎಂದ ಅವನು.

“ಗೊತ್ತು. ಬ್ಲೂಬೆರಿ ಕೀಳೋಕೆ ಹೋದಾಗ ಬೆಳಗಿಂದ ಸಂಜೆವರೆಗೆ ಕುಕ್ಕುರುಗಾಲಲ್ಲಿ ಕೂತಿದ್ದೆ ನೀನು. ಮಂಡಿ ಸವೆದೋರು ಹಾಗೆ ಕೂರ್ತಾರಾ?”

“ಮತ್ತೆ ಕೇಳ್ಲಿಲ್ಲ ಯಾಕೆ?”

“ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು.”

ಅವನು ಹೇಳಿದ. ಹೊಲದಾಚೆಯ ಸದ್ದು, ಹಗ್ಗ, ಕಮೀಲ್, ಬಲ್ಬು, ಬ್ರೇಕರ್ ಏರಿಸುವಾಗ ಮುಖ ತಿರುಗಿಸುವುದು, ಕದ್ದು ಮಾಡಿದ ಫೋನು, ಒಂದರ ಹಿಂದೊಂದು. ಅವಳು ಅವನ ತೊಡೆಯ ಮೇಲೆ ಕೈಯಿಟ್ಟು ಕೇಳಿದಳು. ಆ ಕೈಯ ತೂಕ ಅವನಿಗೆ ಬೇಕಿತ್ತು; ಆ ಕೈ ಈಗ ಇಲ್ಲದೆಯೂ ಇರಬಹುದಿತ್ತು ಎಂಬ ಯೋಚನೆ ಬಂದು ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಆ ಎಲೆಕ್ಟ್ರಿಷಿಯನ್ ಬರೋವರ್ಗೂ ಅಮ್ಮ ನಮ್ಮ ರೂಮಲ್ಲಿ ಮಲಗ್ಲಿ ಬಿಡು. ಇದೊಂದನ್ನ ಆಫ್ ಮಾಡಿಟ್ರೆ ಆಯ್ತು” ಎಂದಳು ನೊಯೆಲ್ಲಾ.

ಸುಲಭದ ದಾರಿ. ಆದರೆ ಆ ವೈರು ಅರೆ ಬಿಚ್ಚಿದ ಟೊಪ್ಪಿಯೊಂದಿಗೆ ಗೋಡೆಯಲ್ಲಿ ಜೋತಾಡುತ್ತಿತ್ತು. ಯಾರಾದರೂ ಮರೆತು ಬ್ರೇಕರ್ ಏರಿಸಿದರೆ? ಮುದುಕಿ ಕತ್ತಲಲ್ಲಿ ಗೋಡೆ ಹಿಡಿದು ನಡೆದರೆ? ಬರುವ ವಾರದವರೆಗೂ ಅದನ್ನು ಕಾಯುತ್ತ ಕೂರುವುದು, ಅದನ್ನು ಮುಟ್ಟುವುದಕ್ಕಿಂತ ಹೆಚ್ಚು ಹೆದರಿಕೆಯ ಕೆಲಸ ಎನ್ನಿಸಿತು ಅವನಿಗೆ.

“ಬೇಡ. ಈಗ್ಲೇ ಮಾಡ್ತೀನಿ. ನೀನು ಇಲ್ಲಿ, ಈ ಬೋರ್ಡಿನ ಮುಂದೆ ಕೂತ್ಕೊ. ಯಾರೇ ಬಂದ್ರೂ, ಪಾದ್ರಿಗಳೇ ಬಂದ್ರೂ, ಮುಟ್ಟೋಕೆ ಬಿಡ್ಬೇಡ.”

“ಪಾದ್ರಿ ನೆಲಮಾಳಿಗೆಗ್ಯಾಕೆ ಬರ್ತಾರೆ? ಇಲ್ಲಿದ್ದ ವೈನ್ ಮುಗಿದು ಎಷ್ಟೋ ಕಾಲ ಆಯ್ತು” ಎಂದಳು. ನಗಲು ನೋಡಿದಳು, ಆಗಲಿಲ್ಲ. ಒಗೆಯುವ ಬಟ್ಟೆಯ ಬುಟ್ಟಿ ಮಗುಚಿಹಾಕಿ ಅದರ ಮೇಲೆ ಬೋರ್ಡಿಗೆ ಬೆನ್ನು ಕೊಟ್ಟು ಕೂತಳು.

ಕರೆಂಟಿದೆಯೇ ಎಂದು ತೋರಿಸುವ ಟೆಸ್ಟರ್ ಸರಿಯಿದೆಯೇ ಎಂದು ಮೊದಲು ತಿಳಿಯಬೇಕಿತ್ತು. ಹೀಟರಿನ ಜೋಡಿಯನ್ನು ಇಳಿಸಿಟ್ಟು, ನೊಯೆಲ್ಲಾಳಿಗೆ ಮೇನ್ ಏರಿಸಲು ಹೇಳಿ, ಅಡುಗೆಮನೆಯ ಪ್ಲಗ್ಗಿನಲ್ಲಿ ನೋಡಿದ, ಟೆಸ್ಟರ್ ಹೊತ್ತಿತು. ಮೇನ್ ಇಳಿಸಲು ಹೇಳಿ ಅತ್ತೆಯ ಕೋಣೆಯ ವೈರುಗಳಲ್ಲಿ ನೋಡಿದ, ಹೊತ್ತಲಿಲ್ಲ. ಅಷ್ಟರಲ್ಲೇ ಟೆಸ್ಟರ್ ಸತ್ತಿದ್ದರೆ ಎಂದು ಮತ್ತೆ ಏರಿಸಲು ಹೇಳಿ ಪ್ಲಗ್ಗಿನಲ್ಲಿ ನೋಡಿದ, ಮತ್ತೆ ಇಳಿಸಲು ಹೇಳಿದ.

“ದೀಪ ಬರುತ್ತೆ, ಹೋಗುತ್ತೆ, ಬರುತ್ತೆ, ಹೋಗುತ್ತೆ. ನನ್ನ ಗಂಡ ಏನಾದ್ರೂ ಮೇಲಿಂದ ಸುದ್ದಿ ಕಳಿಸ್ತಿದಾನಾ?” ಎಂದಳು ಇಮೆಲ್ಡಾ.

ನೋಡುವುದೆಲ್ಲ ಮುಗಿಯಿತು ಎನ್ನುವಾಗ ಇನ್ನೊಂದು ಹೆದರಿಕೆ ಬಂತು. ಅದು ಬುದ್ಧಿಗೆ ಒಪ್ಪುವ ಹೆದರಿಕೆಯಲ್ಲವೆಂದು ಅವನಿಗೇ ಗೊತ್ತಿತ್ತು. ಆದರೂ ಬಾಗಿಲು ತೆಗೆದು, ಬರಿಯ ಸ್ವೆಟರಿನಲ್ಲಿ ಹೊರಗೆ ಜಗಲಿಯ ಮೇಲೆ ನಿಂತು, ಕಿವಿ ನಿಮಿರಿಸಿದ. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿತು. ಪಕ್ಕದ ಮನೆಯ ಓವಿಲಾ ತನ್ನ ಅಂಗಳದ ಹಿಮ ಎತ್ತಿಹಾಕುತ್ತಿದ್ದ.

“ಏನಯ್ಯಾ, ಕೋಟಿಲ್ದೆ ನಿಂತಿದೀಯ? ಹೆಂಡ್ತಿ ಆಚೆ ಹಾಕಿದ್ಲಾ?”

“ನಿಮ್ಮ ಮನೆ ಜನರೇಟರ್ ಓಡ್ತಿದೆಯಾ, ಓವಿಲಾ?”

“ಕರೆಂಟ್ ಇರೋವಾಗ ಜನರೇಟರ್ ಯಾಕಯ್ಯಾ ಓಡ್ಸ್ಲಿ? ತಲೆ ಗಿಲೆ ಕೆಟ್ಟಿದೆಯಾ?”

“ಅದೇ ಬೇಕಿತ್ತು” ಎಂದು ಒಳಗೆ ಬಂದ.

ಮನೆ ಆಗಲೇ ತಣ್ಣಗಾಗತೊಡಗಿತ್ತು, ಎಲ್ಲ ಕೋಣೆಗಳ ಹೀಟರೂ ನಿಂತಿದ್ದವು. ನಾಲ್ಕು ವೈರು. ಎರಡು ಬೋರ್ಡಿನಿಂದ ಬರುವವು, ಎರಡು ಹೀಟರಿಗೆ ಹೋಗುವವು. ಅದಲುಬದಲಾಗಬಾರದು. ಬೋರ್ಡಿನ ಎರಡಕ್ಕೆ ಗುರುತು ಕಟ್ಟಲು ಅತ್ತೆಯ ಬುಟ್ಟಿಯಿಂದ ಕೆಂಪು ಉಣ್ಣೆಯ ಎರಡು ತುಂಡು ಕೇಳಿದ. “ಅದು ಮರಿಮಗಳ ಟೋಪಿದು ಕಣೋ” ಎಂದು ಗೊಣಗುತ್ತಲೇ ಅವಳು ಹಲ್ಲಿನಿಂದ ಕಡಿದುಕೊಟ್ಟಳು. ಕೊಟ್ಟು ಸುಮ್ಮನಾಗಲಿಲ್ಲ. ಹಿಡಿದು ನಡೆಯುವ ವಾಕರ್ ತಳ್ಳಿಕೊಂಡು ಅವನ ಹಿಂದೆಯೇ ಬಂದು ಕೋಣೆಯಲ್ಲಿ ನಿಂತಳು.

ಅವನು ಕೈ ಎತ್ತಿದ. ಕೈ ವೈರಿನ ಹತ್ತಿರ ಹೋಗಿ ನಿಂತಿತು. ಅಂಗೈಯ ಬೆವರು ಮಣಿಕಟ್ಟಿನವರೆಗೆ ಇಳಿಯಿತು. ಕೈ ಇಳಿಸಿದ. ಮತ್ತೆ ಎತ್ತಿದ. ಕಮೀಲ್ ಕೈ ಎತ್ತುವುದನ್ನೇ ಕೆಳಗಿಂದ ನೋಡುತ್ತಿರುವ ಹಾಗಾಯಿತು. ಅವನ ಬಾಯಿಂದ ಚರ್ಚಿನಲ್ಲಿ ಆಡಬಾರದ ಮಾತೊಂದು ಬಂತು. ಯಾರೋ ಬೆನ್ನ ಮೇಲಿನ ಸ್ವೆಟರನ್ನು ಹಿಡಿದರು.

“ಅತ್ತೆ, ಬಿಡಿ. ನನ್ನನ್ನ ಮುಟ್ಬೇಡಿ. ಏನಾದ್ರೂ ಆದ್ರೆ ನಿಮಗೂ—”

“ಆಗ್ಲಿ. ಈ ಚಳಿಗಿಂತ ವಾಸಿ.”

“ಬಿಡಿ ಅಂದ್ನಲ್ಲ!”

“ಬಿಡಲ್ಲ. ನಡುಗ್ತಿದೀಯ ನೀನು. ನಾನೂ ನಡುಗ್ತಿದೀನಿ. ಇಬ್ರೂ ಹಿಡ್ಕೊಂಡ್ರೆ ಯಾರಾದ್ರೂ ಒಬ್ರು ನಿಲ್ತೀವೇನೋ.”

ಕೆಳಗಿಂದ ನೊಯೆಲ್ಲಾ ಕೂಗಿದಳು: “ನಾನಿಲ್ಲೇ ಇದೀನಿ, ರೊಜೇರ್! ಕದಲಿಲ್ಲ!”

ಬೆರಳಿನ ಹಿಂಬದಿಯಿಂದ ಅವನು ತಾಮ್ರವನ್ನು ಮುಟ್ಟಿದ. ಕಣ್ಣು ಮುಚ್ಚಿತ್ತು. ತಣ್ಣಗಿತ್ತು ತಾಮ್ರ. ಅಷ್ಟೇ. ಒಂದು ವೈರು ಬಿಚ್ಚಿ, ಹೊಸದಕ್ಕೆ ಹೊಸೆದು, ಟೊಪ್ಪಿ ಬಿಗಿದು, ಎಳೆದು ನೋಡಿದ. ಹೆದರಿಕೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಎರಡನೆಯದಕ್ಕೂ ಅಷ್ಟೇ ಹೆದರಿಕೆ, ಮೂರನೆಯದಕ್ಕೆ ಇನ್ನೂ ಹೆಚ್ಚು. ನಾಲ್ಕನೆಯದರ ಹೊತ್ತಿಗೆ ಬೆರಳಿಗೆ ಹಿಡಿತವೇ ಉಳಿಯದೆ ಟೊಪ್ಪಿ ಮತ್ತೆ ಮತ್ತೆ ಜಾರಿ ಬಿತ್ತು. ಮುದುಕಿ ಪ್ರತಿಸಲವೂ ವಾಕರಿನ ಕಾಲಿನಿಂದ ಅದನ್ನು ಅವನ ಕಾಲ ಬಳಿಗೆ ತಳ್ಳಿದಳು. ಡಬ್ಬಿಯನ್ನು ಗೋಡೆಗೆ ಕೂರಿಸಿ ಸ್ಕ್ರೂ ಬಿಗಿದಾಗ ಅವನ ಸ್ವೆಟರಿನ ಬೆನ್ನು ಹಿಂಡಿದರೆ ನೀರು ಬರುವಂತಿತ್ತು.

ಬ್ರೇಕರ್ ಏರಿಸಲು ಅವನಿಂದಾಗಲಿಲ್ಲ. ನೊಯೆಲ್ಲಾ ಏರಿಸಿದಳು. ಅವನು ಅತ್ತೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಹಜಾರದಿಂದ ನೋಡಿದ. ಪರದೆಯ ಮೇಲೆ ಅಂಕಿ ಮೂಡಿತು. ಹೊಗೆಯಿಲ್ಲ, ಕಿಡಿಯಿಲ್ಲ. ಆ ಮಧ್ಯಾಹ್ನ ಅವನು ಉಗ್ರಾಣಕ್ಕೆ ಮರಳಲಿಲ್ಲ. ಸಾರು ಕುಡಿಯಲು ಚಮಚ ಹಿಡಿಯಲಾಗದೆ ಬಟ್ಟಲನ್ನೇ ಎತ್ತಿ ಕುಡಿದ. ಅವಸರದಲ್ಲಿ ಥರ್ಮೋಸ್ಟಾಟಿನ ಗಡಿಯಾರ ಹಗಲು-ರಾತ್ರಿ ತಿರುಗುಮುರುಗಾಗಿ ಕೂತಿತ್ತು. ಮರುದಿನ ನಡುಮಧ್ಯಾಹ್ನ ಅತ್ತೆಯ ಕೋಣೆ ತಣ್ಣಗಾಗಿ, ಅವಳಿಂದ ಇನ್ನೊಂದು ಸುತ್ತು ಬೈಗುಳವಾಯಿತು. ಗುಂಡಿ ಒತ್ತಿ ಸರಿಮಾಡುವಾಗಲೂ ಅವನು ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡಿದ್ದ.

ರೊಜೇರ್ ಮತ್ತೆಂದೂ ಕಂಬ ಹತ್ತಲಿಲ್ಲ. ಆದರೆ ಆ ಚಳಿಗಾಲ ಕಳೆದ ಮೇಲೆ, ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ‘ಹೆದರಿಕೆ’ ಎಂದೇ ಹೇಳತೊಡಗಿದ. ಕೆಲವರು ತಮಾಷೆಯೆಂದುಕೊಂಡು ನಕ್ಕರು. ಕೆಲವರು ಮಾತು ಬದಲಿಸಿದರು. ಒಂದು ಬೆಳಗ್ಗೆ, ಈಗಲೂ ಲೈನಿನಲ್ಲಿದ್ದ ದಾಂಡಿಗ ಆಳೊಬ್ಬ, ಎಲ್ಲರಿಗಿಂತ ಮೊದಲು ಕಂಬ ಹತ್ತುವವನೆಂದು ಹೆಸರಾದವನು, ಉಗ್ರಾಣದ ಕಟ್ಟೆಗೆ ಮೊಣಕೈಯೂರಿ, ಸಾಮಾನೇನೂ ಕೇಳದೆ ನಿಂತ. ಹೊರಗೆ ಜೊತೆಗಾರರು ಹಾರ್ನ್ ಬಾರಿಸುತ್ತಿದ್ದರು.

“ನಿಂಗೆ ಎಲ್ಲಿ ಶುರುವಾಗೋದು?” ಎಂದ ಕೊನೆಗೆ. “ನಂಗೆ ಹೊಟ್ಟೇಲಿ.”

“ಕಂಕುಳಲ್ಲಿ” ಎಂದ ರೊಜೇರ್. ಅವನಿಗೆ ಕೂರಲು ಒಂದು ಸ್ಟೂಲು ಎಳೆದು ಹಾಕಿದ.